ಖಂಡೇನವಮಿ ಪೂಜೆಗೆ ಕುಂತ ಫ್ಲಾಪಿಗಳು

ಈ ಸಲ ಖಂಡೇನವಮಿಗೆ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಫ್ಲಾಪಿಗಳಿಗೂ ಪೂಜೆಯಾಯಿತು. ಈಳಿಗೆ, ಕತ್ತರಿ, ಹೊಲಿಗೆ ಮಷಿನ್ನು, ನಮ್ಮ ಮನೆಯವರ ಸ್ಕೂಟರಿನ ನಟ್ಟು ಬಿಚ್ಚುವ ಪಾನಾ, ಇವುಗಳ ಸಾಲಿನಲ್ಲಿ ಕರೀ ಚೌಕದ ಫ್ಲಾಪಿಗಳೂ ಹೂ ಏರಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಠೀವಿಯಿಂದ ಕುಂತಿದ್ದವು.

ಮರುದಿನ ಕಂಪ್ಯೂಟರಿಗೆ ಹಾಕಿದರೆ ಓಡಲಿಲ್ಲ.

‘ದೇವರು ಹಿಂಗ್ಯಾಕ ಮಾಡಿದ?’ ಅಂತ ಕೇಳಬೇಡಿ. ಆ ಪ್ರಶ್ನೆ ನಮ್ಮ ಮಗಳು ವೈಶಾಲಿ ಆಗಲೇ ಕೇಳಿಯಾಗಿದೆ. ಅದಕ್ಕೆ ಉತ್ತರ ಬರೆಯಲೆಂದೇ ಈ ವಾರ ಪೆನ್ನು ಹಿಡಿದಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಖಾನಾಪುರದಲ್ಲಿ ಮೈದುನನ ಮನೆಯಲ್ಲಿರುವ ನಮ್ಮ ಅತ್ತೆಗೆ ಮಳೆಗಾಲದ ಶುರುವಿನಲ್ಲಿ ಲಕ್ವಾ ಹೊಡೆಯಿತು. ಬೆಳಗಾವಿಯ ನಮ್ಮ ಮನೆಗೆ ಕರೆತಂದೆವು. ಮಾತು ಉಳಿಯಿತು, ದೇವರ ದಯೆ. ಕಾಲು ತಿರುಗಿ ಬಂತು, ಅದೂ ದೇವರ ದಯೆ. ಬಲಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು, ಬೇರೆ ಯಾರದೋ ಕೈ ಇದ್ದ ಹಾಗೆ.

ಊಟವನ್ನು ಎಡಗೈಯಿಂದ ಚಮಚ ಹಿಡಿದು ಮಾಡಲು ಒಪ್ಪಿದರು. ಪೂಜೆಗೆ ಒಪ್ಪಲಿಲ್ಲ. ಎಡಗೈಯಿಂದ ದೇವರಿಗೆ ಕುಂಕುಮ ಹಚ್ಚುವುದುಂಟೇ? ದೇವರ ಕೋಣೆಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ನಾನು ಮಾಡುವ ಪೂಜೆ ನೋಡುತ್ತಾ ಕೂಡುವರು. “ನೀ ಹೂವ ವಾಂಕಡಾ ಇಟ್ಟಿ, ಸೊಟ್ಟ ಆಗೇತಿ” ಅಂತ ತಪ್ಪು ತೆಗೆಯುವರು. ಒಂದು ದಿನ ಮಾತ್ರ ತಪ್ಪು ತೆಗೆಯಲಿಲ್ಲ. “ಹೊಳ್ಳಿ ನನ್ನ ದೇವರನ್ನ ನನ್ನ ಕೈಲೆ ಮುಟ್ಟತೇನೋ ಇಲ್ಲೋ” ಅಂದರು. ನಾನು ಘಂಟೆ ಬಾರಿಸಿದೆ.

ನೆಹರು ನಗರದ ದವಾಖಾನೆಯಲ್ಲಿ ಫಿಜಿಯೋಥೆರಪಿ ಮಾಡಿಸುವ ಡಾಕ್ಟರಬಾಯಿ ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದ್ದರು. “ನಾ ಏನ ಕೂಸೇನು ಚಂಡ ಆಡಾಕ?” ಅಂತ ಅತ್ತೆ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. “ಹೆಬ್ಬೆರಳಿಗೆ ಕೆಲಸಾ ಕೊಡ್ರಿ, ಏನರೇ ಕೊಡ್ರಿ” ಅಂದರು ಡಾಕ್ಟರಬಾಯಿ.

ಆಗ ವೈಶಾಲಿಗೆ ನೆನಪಾಗಿದ್ದು ಗೇಮ್ ಮಷಿನ್ನು. ನನ್ನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹೋದ ರಜೆಯಲ್ಲಿ ಬಂದಾಗ, ಅಂಗೈಯಲ್ಲಿ ಹಿಡಿದು ಆಡುವಂಥದ್ದೊಂದನ್ನು ಅವಳಿಗೆ ಕೊಟ್ಟು ಹೋಗಿದ್ದ. ಪುಟ್ಟ ಪರದೆ, ಎರಡೂ ಬಾಜು ಗುಂಡಿಗಳು. ಅತ್ತೆಯ ಬಲಗೈಗೆ ಅದನ್ನು ಹಿಡಿಸಿದಳು. ಅದರಲ್ಲಿದ್ದದ್ದು ಒಂದೇ ಆಟ, ಕಾರಿನ ರೇಸು. ಅತ್ತೆಯ ಬೆರಳು ಏಳುವುದರೊಳಗೆ ಕಾರು ಗೋಡೆಗೆ ಬಡಿದು, ಪರದೆಯ ತುಂಬ ಇಂಗ್ಲಿಷ್ ಅಕ್ಷರ.

“ಏನಂತ ಬರದೈತಿ ಅದು?”

“ಸೋತಿ ಅಂತ, ಆಯಿ.” (ವೈಶಾಲಿ ಅಜ್ಜಿಗೆ ಆಯಿ ಅನ್ನುತ್ತಾಳೆ.)

“ನಾ ಸೋತದ್ದು ನನಗ ಗೊತ್ತಿಲ್ಲೇನು? ಅದನ್ನ ಬರದ ಬ್ಯಾರೆ ತೋರಸ್ಬೇಕೇನು?”

ಮುಗಿಯಿತು. ಮಷಿನ್ನು ದಿಂಬಿನ ಬಾಜು ಬಿತ್ತು.

ವೈಶಾಲಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುತ್ತಾಳೆ. ಹಟ ಅಜ್ಜಿಯದೇ. “ಆಯಿಗೆ ಸಾವಕಾಶ ನಡಿಯೂ ಆಟ ನಾನಽ ಮಾಡತೇನಿ” ಅಂದಳು. ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ದೀಪ ಹತ್ತಬೇಕು. ಎಷ್ಟು ಹೊತ್ತಿಗೆ ಒತ್ತಿದರೂ ನಡೆಯಬೇಕು. ಅಷ್ಟೇ ಆಟ.

ಆಟ ಮಾಡಲಿಕ್ಕೂ ಸಲಕರಣೆ ಬೇಕಂತೆ. ನನಗೆ ತಿಳಿದಷ್ಟು ಹೇಳುತ್ತೇನೆ (ತಪ್ಪಿದ್ದರೆ ಕಂಪ್ಯೂಟರ್ ಬಲ್ಲವರು ಬೈಯಬೇಡಿ). ನಾವು ಬರೆದದ್ದು ಆ ಮಷಿನ್ನಿಗೆ ತಿಳಿಯುವುದಿಲ್ಲ. ಅದನ್ನು ಬೀಸಿ ಹಿಟ್ಟು ಮಾಡಿ ಕೊಡುವ ಗಿರಣಿಯೊಂದು ಬೇಕು, ಅದಕ್ಕೆ ಕಂಪೈಲರ್ ಅನ್ನುತ್ತಾರೆ. ರುಚಿ ನೋಡಲು ಎಮ್ಯುಲೇಟರ್. ಅಂದರೆ ಆ ಗೇಮ್ ಮಷಿನ್ನಿನ ಸೋಗು ಹಾಕಿ ಕಂಪ್ಯೂಟರಿನ ಪರದೆಯ ಮೇಲೆ ಕೂಡುವ ಪ್ರೋಗ್ರಾಮು. ಕೊನೆಗೆ, ಆದ ಆಟವನ್ನು ಖರೇ ಮಷಿನ್ನಿಗೆ ಇಳಿಸಲು, ಅದರ ಬೆನ್ನಿಗೆ ಸಿಕ್ಕಿಸುವ ಖಾಲಿ ಕಾರ್ಟ್ರಿಜ್ಜು ಮತ್ತು ಕೇಬಲ್ಲು. ಅವೆರಡನ್ನೂ ಕಳಿಸುತ್ತೇನೆಂದು ನನ್ನ ತಮ್ಮ ಫೋನಿನಲ್ಲಿ ಹೇಳಿದ.

ಬರೆಯುವ ಭಾಷೆಗೊಂದು ಗಿರಣಿಯಂತೆ, ಯಾವುದನ್ನು ಆರಿಸಬೇಕು? ಇಲ್ಲಿಂದ ಶುರುವಾಯಿತು ರಾದ್ಧಾಂತ. ಕಾಲೇಜಿನ ಸರ್ ಅಂದರಂತೆ, “ಸಿ ಭಾಷಾ ಕಲಿ, ಸಿ ಇಲ್ಲದ ಗೇಮ್ ಇಲ್ಲ.” ಸೈಬರ್ ಕೆಫೆಯಲ್ಲಿ ಸಿಕ್ಕ ಸೀನಿಯರ್ ಒಬ್ಬ ಅಂದನಂತೆ, “ಹೊಸಬರಿಗಂತ ಬೇಸಿಕ್ ಥರದ್ದು ಬಂದೈತಿ, ಅದನ್ನ ಹಾಕ್ಕೋ.” ಹುಡುಗಿ ದಿನಾ ಒಬ್ಬರನ್ನು ಕೇಳಿ ಬರುವಳು, ದಿನಾ ಮನಸ್ಸು ಬದಲಿಸುವಳು. ಪ್ರಿಂಟ್ ತೆಗೆಸಿದ ಕಾಗದಗಳಲ್ಲಿ ಮಂಚ ಮುಚ್ಚಿತು. ದೀಪ ಒಂದೂ ಹತ್ತಲಿಲ್ಲ.

ಕೊನೆಗೆ ನಾನೇ ಕೇಳಿದೆ. “ಯಾವುದರಾಗ ದೀಪ ಲಗೂನ ಹತ್ತತೈತಿ?”

“ಬೇಸಿಕ್‌ನಾಗ. ಆದ್ರ ಅವ್ವಾ, ಸಿ ಅಂದ್ರ ಖರೇ ಪ್ರೋಗ್ರಾಮಿಂಗು...”

ಹೊಸದಾಗಿ ಒಲೆಯ ಮುಂದೆ ನಿಂತವಳಿಗೆ ಮೊದಲ ದಿನವೇ ಹೋಳಿಗೆ ತಟ್ಟು ಅನ್ನುತ್ತೇವೆಯೇ? ಅನ್ನಕ್ಕಿಡು ಅನ್ನುತ್ತೇವೆ. ಅದನ್ನೇ ಹೇಳಿದೆ. ಬೇಸಿಕ್ ಗೆದ್ದಿತು.

ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಟಿಳಕವಾಡಿಯ ಸೈಬರ್ ಕೆಫೆಯಲ್ಲಿ ಡೌನ್‌ಲೋಡ್ ಮಾಡಿದಳು. ಫೈಲು ದೊಡ್ಡದು, ಫ್ಲಾಪಿ ಸಣ್ಣದು. ಅದಕ್ಕೇ ತುಂಡು ತುಂಡು ಮಾಡಿ ಫ್ಲಾಪಿಗಳಲ್ಲಿ ತುಂಬಿಕೊಂಡು ಬರಬೇಕು, ಮನೆಯಲ್ಲಿ ಜೋಡಿಸಬೇಕು. ಒಂದು ತುಂಡು ಕೈಕೊಟ್ಟರೂ ಉಳಿದವು ದಂಡ. ಅವಳು ತಂದ ದಿನವೇ ಕರೆಂಟು ಹೋಯಿತು. ಬಂದಾಗ ಖಂಡೇನವಮಿಯ ಬೆಳಗು. ಕಂಪ್ಯೂಟರ್ ಚಾಲೂ ಮಾಡಲು ಕುಂತಳು.

ಕುರ್ಚಿಯಿಂದ ಅತ್ತೆಯ ದನಿ. “ಏ ಪೋರಿ, ಇವತ್ತ ಹತಾರ ಪೂಜಾಕ್ಕ ಇಡೂ ದಿವಸ. ಕೆಲಸಾ ಮಾಡೂದಿಲ್ಲ.”

“ಇದು ಹತಾರ ಅಲ್ಲಾ ಆಯಿ.”

“ಮತ್ತ ಆಟ ಮಾಡೂ ಸಾಮಾನು ಅಂದಿ? ಮಾಡೂ ಸಾಮಾನಿಗೆ ಹತಾರ ಅಂತಾರ.”

ವೈಶಾಲಿ ನಕ್ಕಳು. ವಾದ ಮಾಡಲಿಲ್ಲ. ಫ್ಲಾಪಿಗಳನ್ನು ತಂದು ಈಳಿಗೆಯ ಬಾಜು ಸಾಲಾಗಿ ಇಟ್ಟಳು. ನನಗೆ ಮಾತ್ರ ಕಿವಿಯಲ್ಲಿ ಹೇಳಿದಳು, “ಅವ್ವಾ, ಹೂವ ಅಷ್ಟ ಇಡು. ಕುಂಕುಮ ಒಳಗ ಹೋದ್ರ ಕೆಡತಾವು.” ಹಾಗೇ ಮಾಡಿದೆ. ಉಳಿದ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಫ್ಲಾಪಿಗಳಿಗೆ ಮಾತ್ರ ಒಂದೊಂದು ಸೇವಂತಿಗೆ ಇಟ್ಟು, ಆರತಿ ಮಾಡಿ ಅಡುಗೆಮನೆಗೆ ಹೋದೆ.

ಹೋಳಿಗೆ ಮಗುಚುತ್ತಿದ್ದೆ. “ಅವ್ವಾ!” ಅಂತ ಕೂಗು. ಓಡಿ ಬಂದೆ.

ಫ್ಲಾಪಿಗಳು ಕೆಂಪಗಾಗಿದ್ದವು. ಬೊಟ್ಟು ಇಟ್ಟದ್ದಲ್ಲ, ಕಲಸಿದ ಕುಂಕುಮದ ಬಟ್ಟಲೇ ಉರುಳಿತ್ತು. ಫ್ಲಾಪಿಯ ಅಂಚಿನ ಪುಟ್ಟ ತಗಡಿನ ಬಾಗಿಲು ಸರಿಸಿದರೆ ಒಳಗೂ ಕೆಂಪು. ವೈಶಾಲಿ ಅಳುವ ಹಾಗಾಗಿದ್ದಳು. “ನಾ ನಿನಗ ಹೇಳಿದ್ದಿಲ್ಲೇನು?”

“ನಾ ಹಚ್ಚಿಲ್ಲ ನಮ್ಮವ್ವಾ” ಅಂದೆ.

ನಮ್ಮ ಮನೆಯವರು ಹೊರಗೆ ಸ್ಕೂಟರಿಗೆ ಮಾಲೆ ಕಟ್ಟುತ್ತಿದ್ದರು. ಉಳಿದವರು ಯಾರು?

“ನಾನಽ ಹಚ್ಚಿದೆ” ಅಂದರು ಅತ್ತೆ. ಕುರ್ಚಿ ಹೊಸ್ತಿಲ ಒಳಗೆ ಬಂದಿತ್ತು. “ಎಲ್ಲಾಕ್ಕೂ ಕುಂಕುಮ ಐತಿ, ಪೋರಿ ಹತಾರಕ್ಕಷ್ಟ ಇಲ್ಲ. ಬೋಳ ಇರಬಾರದಂತ ಹಚ್ಚಿದೆ. ಬಟ್ಟಲಾ ಜಾರತು.”

ಎಡಗೈ ನೋಡಿದೆ. ಸ್ವಚ್ಛ ಇತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಬುಡದವರೆಗೆ ಕೆಂಪು.

“ಅತ್ತಿ, ಯಾವ ಕೈಲೆ ಹಚ್ಚಿದ್ರಿ?”

“ಪೂಜಾ ಯಾವ ಕೈಲೆ ಮಾಡತಾರ? ಏನ ಕೇಳತೀಯವಾ ನೀನು!”

ಅಂದ ಮೇಲೆ ಅವರೂ ತಮ್ಮ ಕೈ ನೋಡಿಕೊಂಡರು. ಒಲೆಯ ಮೇಲೆ ಹೋಳಿಗೆ ಹೊತ್ತಿತು, ವಾಸನೆ ಬಂತು, ಆದರೂ ನಾನು ಹೋಗಲಿಲ್ಲ.

“ಆಯಿ, ಇನ್ನೊಮ್ಮೆ ಹಚ್ಚು” ಅಂದಳು ವೈಶಾಲಿ. ಫ್ಲಾಪಿಯನ್ನು ಅವಳೇ ಮುಂದೆ ಹಿಡಿದಳು. ಬೆರಳು ಸಾವಕಾಶ ಎದ್ದಿತು, ಜಾಗ ತಪ್ಪಿತು, ಮೊಮ್ಮಗಳ ಮಣಿಕಟ್ಟಿಗೆ ಕುಂಕುಮ ಹತ್ತಿತು.

ಬೆರಳು ಎದ್ದದ್ದು ಹೇಗೆ? ಚೆಂಡು ಮಂಚದ ಕೆಳಗೇ ಇತ್ತು. ಕೇಳಿ ಕೇಳಿ ಸಾಕಾದ ಮೇಲೆ ಅತ್ತೆ ಬಾಯಿ ಬಿಟ್ಟರು. ನಾವು ಹೊರಗೆ ಹೋದಾಗೆಲ್ಲ ಆ ಗೇಮ್ ಮಷಿನ್ನು ತೆಗೆದು, ಸೆರಗಿನೊಳಗೆ ಇಟ್ಟುಕೊಂಡು ಗುಂಡಿ ಒತ್ತುತ್ತಿದ್ದರಂತೆ.

“ಚಾಲೂ ಮಾಡೂದು ನಿನಗ ಬರಂಗಿಲ್ಲಲಾ ಆಯಿ?”

“ಚಾಲೂ ಯಾಕ ಮಾಡ್ಬೇಕು? ಬಂದ್ ಇದ್ದಾಗ ಅದು ಸುಮ್ಮ ಇರತೈತಿ. ನಾ ಒತ್ತತೇನಿ, ಅದು ಒತ್ತಿಸ್ಕೋತೈತಿ. ಸೋತಿ ಅಂತ ಯಾರೂ ಅನ್ನೂದಿಲ್ಲ.”

ಪವಾಡ ಅಂತ ಬರೆಯುತ್ತಿಲ್ಲ. ಆ ಕೈ ಇನ್ನೂ ತುತ್ತು ಎತ್ತುವುದಿಲ್ಲ, ಜಡೆ ಹೆಣೆಯುವುದಿಲ್ಲ. ಹೆಬ್ಬೆರಳು ಮತ್ತು ಅದರ ಬಾಜುವಿನ ಬೆರಳು ಕೂಡುತ್ತವೆ, ಅಷ್ಟೇ. ಒಂದು ಚಿಟಿಕೆ ಕುಂಕುಮಕ್ಕೆ ಇನ್ನೆಷ್ಟು ಬೆರಳು ಬೇಕು? ಮಗಳ ಪ್ರಶ್ನೆಗೆ ನನ್ನ ಉತ್ತರ ಇದು. ಕೈ ಎದ್ದಿದ್ದಕ್ಕೆ ದೇವರಿಗೆ ನಮಸ್ಕಾರ. ಫ್ಲಾಪಿ ಕೆಟ್ಟಿದ್ದಕ್ಕೆ ಸೈಬರ್ ಕೆಫೆ ಇದೆ.

ದಸರೆ ಮುಗಿದ ಮೇಲೆ ಹೊಸ ಫ್ಲಾಪಿ ತಗೊಂಡು ಹೋಗಿ ಮತ್ತೆ ತಂದಳು. ಈ ಸಲ ಎಲ್ಲ ತುಂಡೂ ಕೂಡಿದವು. ಆದರೆ ಇನ್‌ಸ್ಟಾಲ್ ಆದ ಮೇಲೆ ಕರೀ ಪರದೆಯಲ್ಲಿ ಏನು ಟೈಪ್ ಮಾಡಿದರೂ ‘ಬ್ಯಾಡ್ ಕಮಾಂಡ್’ ಅಂತ ಬೈಗುಳ. ಗಿರಣಿ ಮನೆಗೆ ಬಂದಿದೆ, ಯಾವ ಕೋಣೆಯಲ್ಲಿದೆ ಅಂತ ಕಂಪ್ಯೂಟರಿಗೆ ಯಾರೂ ಹೇಳಿಲ್ಲವಂತೆ! ಅದನ್ನು ಹೇಳಲು ಒಂದು ಫೈಲಿನಲ್ಲಿ ಒಂದು ಸಾಲು ಬರೆದು, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದಳು. ಎಮ್ಯುಲೇಟರಿನ ಪರದೆಯಲ್ಲಿ ಹಳದಿ ಚುಕ್ಕೆಯೊಂದು ಹತ್ತಿತು. “ಇದ ದೀಪ” ಅಂದಳು. ನಂಬಿದೆ.

ಆದರೆ ಅತ್ತೆಗೆ ಈಗ ಖಾನಾಪುರದ್ದೇ ಧ್ಯಾನ. ದೀಪಾವಳಿಗೆ ತಮ್ಮ ದೇವರನ್ನು ತಮ್ಮ ಕೈಯಿಂದ ಮುಟ್ಟಬೇಕು. ವೈಶಾಲಿಯ ಮುಖ ಸಪ್ಪಗಾಯಿತು. “ಕಾರ್ಟ್ರಿಜ್ ಇನ್ನೂ ಬಂದಿಲ್ಲ. ಆಯಿ ಹೊಂಟಳು. ಇನ್ನ ಯಾರಿಗಂತ ಮಾಡ್ಲಿ?”

ಹೊರಡುವ ಮುಂಚೆ ಒಮ್ಮೆ ತೋರಿಸಿಕೊಂಡು ಬರೋಣವೆಂದು ನೆಹರು ನಗರಕ್ಕೆ ಹೋದೆವು. ಡಾಕ್ಟರಬಾಯಿ ಖುಷಿಯಾದರು, ಹೀಗೇ ಮುಂದುವರಿಸಿ ಅಂದರು. ಹೊರಗೆ ಬೆಂಚಿನ ಮೇಲೆ ಔಷಧಿ ಚೀಟಿಗೆ ಕಾಯುತ್ತಾ ಕುಂತಾಗ, ಬಾಜುವಿನಲ್ಲಿ ವಡಗಾವಿಯ ನೇಕಾರರೊಬ್ಬರು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದುಕೊಂಡಿದ್ದರು. ಅತ್ತೆ ಮಡಿಲಲ್ಲಿ ಗೇಮ್ ಮಷಿನ್ನು ಇಟ್ಟುಕೊಂಡು ಗುಂಡಿ ಒತ್ತುವುದನ್ನು ಬಹಳ ಹೊತ್ತು ನೋಡಿದರು.

“ಅದು ಬಂದ್ ಐತಲ್ರಿ ಆಯಿ?”

“ಹೌದು. ಇದರಾಗಿನ ಆಟ ಭಾಳ ಓಡತೈತಿ, ನಮ್ಮಂಥವರಿಗೆ ನೀಗೂದಿಲ್ಲ. ಸಾವಕಾಶ ನಡಿಯೂದು ನಮ್ಮ ಪೋರಿ ಮಾಡಾಕತ್ತಾಳ.”

ಅವರು ವೈಶಾಲಿಯ ಕಡೆ ತಿರುಗಿದರು. “ಹೌದೇನವಾ ತಂಗಿ? ಆದ ಮ್ಯಾಲ ನನಗೂ ಒಂದ ಸರತಿ ಕೊಡತಿ?”

ವೈಶಾಲಿ ಎದ್ದು ಹೋಗಿ ಅವರ ಬಾಜು ಕುಂತಳು. “ಕಾಕಾ, ನಿಮಗ ಯಾವ ಬೆರಳ ಏಳತೈತ್ರಿ?”

ಯಾವ ಟೂಲ್ ಒಳ್ಳೇದು ಅಂತ ಊರೆಲ್ಲ ಕೇಳಿ ಬಂದವಳು, ಆಡುವವರನ್ನು ಒಂದು ಮಾತು ಕೇಳಿದ್ದು ಅದೇ ಮೊದಲು.