ಮೌನದಲ್ಲಿದ್ದ ಅಜ್ಜಾರು ಹೇಳಿದ ಮಾತು

ಸ್ವಾಮಿಗಳು ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಂಡರು ಎಂಬಂಥ ಕತೆಯನ್ನು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದೆ. ಅಂಥ ಕತೆ ಕೇಳಲು ಈಗಲೂ ಮನಸ್ಸಿಲ್ಲ. ಆದರೆ ಎದ್ದು ಮಾತ್ರ ಹೋಗುವುದಿಲ್ಲ. ನನಗೇ ಅಂಥದೊಂದು ಆಗಿದೆ. ಅದನ್ನು ನಂಬಲೂ ಆಗಿಲ್ಲ, ಸುಳ್ಳೆಂದು ಬಿಸಾಕಲೂ ಆಗಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ. ನಾನು ಬಹಳ ಓದಿದವನಲ್ಲ, ಬರೆದು ರೂಢಿಯೂ ಇಲ್ಲ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಬೇಕು.

ಎಪ್ಪತ್ತರ ದಶಕದ ಮಾತು. ಆಗ ನಾನು ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಯಲ್ಲಿ, ಕೂಲಿಗೆ ಇದ್ದೆ. ಸಣ್ಣವನಿದ್ದಾಗ ಸಾಲಿಯ ಮುಖ ನೋಡಿರಲಿಲ್ಲ. ಕಿತ್ತೂರಿನ ದಾರಿಯಲ್ಲಿ, ರಸ್ತೆಯಿಂದ ಒಂದಿಷ್ಟು ಒಳಗೆ ಒಂದು ಮಠವಿತ್ತು. ಅಲ್ಲಿಯ ಅಜ್ಜಾರು ಕೂಲಿಕಾರರಿಗೆ ಸಂಜೆ ಹೊತ್ತು ಅಕ್ಷರ ಕಲಿಸುತ್ತಿದ್ದರು. ಮಠದ ಸ್ವಾಮಿಗಳನ್ನು ನಮ್ಮ ಕಡೆ ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಾರೆ. ಮೀಸೆ ಗಡ್ಡ ದಟ್ಟವಾಗಿ ಬೆಳೆದ ಮೇಲೆ ನಾನು ಅವರ ಎದುರು ಪಾಟಿ ಹಿಡಿದು ಕುಳಿತವನು. ಅದಕ್ಕೇ ಅವರು ನನ್ನನ್ನು ಗಡ್ಡದ ಹುಡುಗ ಎನ್ನುತ್ತಿದ್ದರು. ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ.

ಅಜ್ಜಾರು ಪವಾಡದ ಮನುಷ್ಯರಾಗಿರಲಿಲ್ಲ. ಕೂಸಿಗೆ ಜ್ವರ ಬಂದಿದೆ, ಮಂತ್ರಿಸಿದ ಅಂಗಾರ ಕೊಡಿರಿ ಎಂದು ಯಾರಾದರೂ ಬಂದರೆ ಮೊದಲು ದವಾಖಾನೆಗೆ ಹೋಗಿ ಬಾ ಎಂದು ಗದರಿಸಿ ಕಳಿಸುತ್ತಿದ್ದರು. ಯಾರಿಗೂ ಕಾಲು ಮುಟ್ಟಗೊಡುತ್ತಿರಲಿಲ್ಲ. ನಾನು ಇಂಥ ಕತೆಗಳನ್ನು ನಂಬದಿರುವುದನ್ನು ಕಲಿತದ್ದು ಅವರಿಂದಲೇ. ಮುಂದಿನದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ನನ್ನ ಅಕ್ಕ ಗೌರವ್ವನನ್ನು ಯರಗಟ್ಟಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ಶಿವಪ್ಪ ನೇಯ್ಗೆ ಕಲಿಯುತ್ತೇನೆಂದು ರಾಮದುರ್ಗಕ್ಕೆ ಹೋದ. ಅಲ್ಲಿ ಕೆಲವು ತಿಂಗಳು ಮಗ್ಗದ ಮೇಲೆ ಕುಳಿತ. ಆಮೇಲೆ ಸೊಲ್ಲಾಪುರದ ಕಡೆ ಹೋದನೆಂದು ಸುದ್ದಿ ಬಂತು, ಅಷ್ಟೇ. ಸವದತ್ತಿಯ ಗುಡ್ಡದಲ್ಲಿ ಕಂಡೆನೆಂದು ಒಬ್ಬ ಹೇಳಿದ. ಹೋಗಿ ಹುಡುಕಿದೆವು, ಸಿಗಲಿಲ್ಲ. ವರ್ಷಗಳು ಉರುಳಿದವು. ಕೊನೆಗೆ ಮಲಪ್ರಭೆಯಲ್ಲಿ ಗುರುತು ಸಿಗದ ಹೆಣವೊಂದು ತೇಲಿಬಂದಿತ್ತು ಎಂಬ ಮಾತು ಆ ಹಳ್ಳಿಗೆ ಮುಟ್ಟಿತು. ಯಾರೂ ಹೋಗಿ ನೋಡಿದವರಿಲ್ಲ. ಆದರೂ ಶಿವಪ್ಪನ ಅಣ್ಣ ರುದ್ರಪ್ಪನ ತಲೆಯಲ್ಲಿ ಅದು ತನ್ನ ತಮ್ಮನೇ ಎಂದು ಕುಳಿತುಬಿಟ್ಟಿತು.

ಆ ಮನೆಯಲ್ಲಿ ಯುಗಾದಿಗೆ ಒಂದು ಪದ್ಧತಿ ಇತ್ತು. ನಮ್ಮ ಕಡೆ ಪಾಡ್ಯದ ದಿನ ಬೇವಿನ ಹೂವು, ಬೆಲ್ಲ, ಹುಣಸೆಹಣ್ಣು, ಪುಟಾಣಿ ಹಿಟ್ಟು ಕಲಸಿ ನೀರಾಗಿ ಮಾಡಿ ಕುಡಿಯುತ್ತಾರೆ. ಅದಕ್ಕೆ ಬೇವು ಎಂದೇ ಹೆಸರು. ಮನೆಯವರು ಯಾರಾದರೂ ಪರ ಊರಲ್ಲಿದ್ದರೆ ಅವರ ಪಾಲನ್ನು ಒಂದು ಬಟ್ಟಲಲ್ಲಿ ಹಾಕಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಸಂಜೆ ಚಂದ್ರನನ್ನು ನೋಡಿದ ಮೇಲೆ ಅದನ್ನು ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಸತ್ತವರಿಗೆ ಪಾಲಿಲ್ಲ. ಶಿವಪ್ಪ ಹೋದಾಗಿನಿಂದ ಅಕ್ಕ ಪ್ರತಿ ಯುಗಾದಿಗೂ ಅವನ ಪಾಲು ಇಟ್ಟಿದ್ದಳು. ಈ ವರ್ಷ ಇಡಕೂಡದು ಎಂದು ರುದ್ರಪ್ಪ ಹೇಳಿದ. ಪಾಲು ತಪ್ಪಿತೆಂದರೆ ಆ ಮನೆಯ ಲೆಕ್ಕದಲ್ಲಿ ಮನುಷ್ಯ ಸತ್ತ ಹಾಗೆ. ಮರುದಿನವೇ ಅಕ್ಕನ ಬಳೆ ತೆಗೆಸುವುದೆಂದು ಹಿರಿಯರು ಮಾತಾಡಿಕೊಂಡಿದ್ದರು.

ಹಬ್ಬಕ್ಕೆಂದು ನಾನು ಎರಡು ದಿನ ಮೊದಲೇ ಅಲ್ಲಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಹಿರಿಯರು ಕುಳಿತಿದ್ದರು. ರುದ್ರಪ್ಪ ಕೆಟ್ಟವನಲ್ಲ. ಅನುಮಾನದಲ್ಲಿ ಬದುಕಲು ಅವನಿಂದ ಆಗುತ್ತಿರಲಿಲ್ಲ, ಒಂದು ಕಡೆ ಮುಗಿಸಿಬಿಡಬೇಕಾಗಿತ್ತು. ಅಕ್ಕ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ಹಿರಿಯರ ಎದುರು ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಪಾಲ ಇಡಬ್ಯಾಡಂತ ಅಜ್ಜಾರ ಅಂದ್ರ ನನ್ನ ಕೈಲೆ ನಾನ ಬಳಿ ತಗೀತೇನಿ. ನೀವು ಹೇಳಿದ್ರ ತಗ್ಯಾಂಗಿಲ್ಲರಿ, ಭಾವ."

ಆ ಮನೆಯವರೂ ಅದೇ ಮಠದ ಭಕ್ತರು, ಅಜ್ಜಾರ ಮಾತನ್ನು ರುದ್ರಪ್ಪನೂ ಮೀರುವವನಲ್ಲ. ನಾಳೆ ಇವನು ಹೋಗಿ ಕೇಳಿಕೊಂಡು ಬರಲಿ ಎಂದು ನನ್ನ ಕಡೆ ಕೈ ಮಾಡಿದ.

ಮರುದಿನ ಅಮಾವಾಸ್ಯೆ. ಮೊದಲ ಬಸ್ಸಿಗೇ ಹೊರಟೆ. ಬೈಲಹೊಂಗಲದಲ್ಲಿ ಇಳಿದರೆ ಕಿತ್ತೂರಿನ ಬಸ್ಸಿನ ಸುಳಿವೇ ಇಲ್ಲ. ಸ್ಟ್ಯಾಂಡಿನಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಅಜ್ಜಾರು ಬೇಡ ಎಂದುಬಿಟ್ಟರೆ ಅಕ್ಕನಿಗೆ ಯಾವ ಬಾಯಿಂದ ಹೇಳುವುದು, ಇಡಲಿ ಎಂದರೆ ಇನ್ನೆಷ್ಟು ವರ್ಷ ಅವಳು ಕಾಯುವುದು, ಎರಡೂ ಕಡೆ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಒಂದು ಲಾರಿ ಸಿಕ್ಕಿತು. ಮಠದ ದಾರಿಗಿಂತ ಸಾಕಷ್ಟು ಹಿಂದೆಯೇ ಅದು ಬೇರೆ ಕಡೆ ಹೊರಳಿತು. ಅಲ್ಲಿಂದ ನಡೆದೆ.

ನಡುಮಧ್ಯಾಹ್ನವಾಗಿತ್ತು. ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಎರಡೂ ಕಡೆ ಬರಿಯ ಎರೆಹೊಲ, ಹತ್ತಿ ಕಿತ್ತಾದ ಮೇಲೆ ಉಳಿದ ಕಟ್ಟಿಗೆ. ರಸ್ತೆ ತಿರುಗುವಲ್ಲಿ ಒಂದು ಬೇವಿನ ಗಿಡವಿತ್ತು. ಅದರ ನೆರಳಿನಲ್ಲಿ ಅಜ್ಜಾರು ನಿಂತಿದ್ದರು.

ಒಬ್ಬರೇ ಇದ್ದರು. ಮೈಮೇಲೆ ಕಾವಿ, ಕೈಯಲ್ಲಿ ಬೆತ್ತ. ಯಾವಾಗಲೂ ಜೊತೆಗಿರುತ್ತಿದ್ದ ಮಠದ ಚನ್ನಪ್ಪ ಕಾಣಲಿಲ್ಲ. ಆಗ ನನಗೆ ಏನೂ ವಿಚಿತ್ರ ಅನಿಸಲಿಲ್ಲ. ಯಾರನ್ನು ಹುಡುಕಿಕೊಂಡು ಹೊರಟಿದ್ದೆನೋ ಅವರೇ ದಾರಿಯಲ್ಲಿ ಸಿಕ್ಕರಲ್ಲ ಎಂದು ಜೀವಕ್ಕೆ ಹಾಯೆನಿಸಿತು.

"ಏನೋ ಗಡ್ಡದ ಹುಡುಗಾ, ಈ ಬಿಸಿಲಾಗ ಎತ್ತಾಗ ಹೊಂಟಿ?" ಎಂದರು.

ಶರಣು ಮಾಡಿ ಎಲ್ಲವನ್ನೂ ಹೇಳಿದೆ. ನಾನು ಮುಗಿಸಿದ ಮೇಲೆ, ಬೇವು ಕಲಸುವವರು ಯಾರು ಎಂದು ಕೇಳಿದರು. ನಮ್ಮಕ್ಕನೇ ಎಂದೆ.

"ಹಂಗಾದ್ರ ಆಕೀನ ಕೇಳ್ರಿ. ಇಡೂದು ಬಿಡೂದು ಆಕೀಗೆ ಬಿಟ್ಟದ್ದು. ಆಕಿ ಕೈ ಯಾರೂ ಹಿಡೀಬ್ಯಾಡಂತ ಹೇಳು. ಹೋಗು, ತಡಾ ಮಾಡಬ್ಯಾಡ."

ಅಷ್ಟರಲ್ಲಿ ರಸ್ತೆಯ ಇಳಿಜಾರಿನಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಬೈಲಹೊಂಗಲದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮಾಬುಸಾಬ, ನನ್ನ ಗೆಳೆಯ, ಹಿಂದೆ ಉಳ್ಳಾಗಡ್ಡಿ ಚೀಲ ಕಟ್ಟಿಕೊಂಡು ಬರುತ್ತಿದ್ದ. ಕೈ ಎತ್ತಿ ನನ್ನ ಹೆಸರು ಕೂಗಿದ. ಇಳಿಜಾರಾದ್ದರಿಂದ ನಿಲ್ಲಿಸಲಿಲ್ಲ. ನಾನೂ ಕೈ ಎತ್ತಿದೆ. ತಿರುಗಿ ನೋಡಿದರೆ ಅಜ್ಜಾರು ಆಗಲೇ ಹೊಲದ ಬದುವಿನ ಮೇಲೆ ನಡೆದಿದ್ದರು. ಮಠದ ಕಡೆಗಲ್ಲ, ಇನ್ನೊಂದು ದಿಕ್ಕಿಗೆ. ಯಾರೋ ಭಕ್ತರ ಮನೆಗೆ ಹೊರಟಿರಬೇಕು ಎಂದುಕೊಂಡೆ.

ಸಂಜೆ ಹಳ್ಳಿ ಮುಟ್ಟಿ ಆ ಮಾತನ್ನು ಇದ್ದಂತೆ ಹೇಳಿದೆ. ರುದ್ರಪ್ಪ ಆಗಲಿ ಎಂದ. ಮರುದಿನ ಅಕ್ಕ ಎಣ್ಣೆ ನೀರು ಹಾಕಿಕೊಂಡು, ಬೇವು ಕಲಸಿ, ಗಂಡನ ಪಾಲನ್ನು ಗೂಡಿನಲ್ಲಿ ಇಟ್ಟಳು. ಅವಳ ಬಳೆ ಅವಳ ಕೈಯಲ್ಲಿ ಉಳಿದವು.

ಹಬ್ಬ ಕಳೆದು ಕೆಲವು ದಿನಗಳಾದ ಮೇಲೆ ಉಪಕಾರ ನೆನೆಸಿ ಬರೋಣ ಎಂದು ಮಠಕ್ಕೆ ಹೋದೆ. ಬಾಗಿಲಲ್ಲೇ ಚನ್ನಪ್ಪ ಸಿಕ್ಕ. ಮೌನ ಬಿಟ್ಟ ಮೇಲೆ ಅಜ್ಜಾರ ದನಿ ಇನ್ನೂ ಕುಳಿತಿದೆ, ಬಹಳ ಮಾತಾಡಿಸಬೇಡ ಎಂದ. ಯಾವ ಮೌನ ಎಂದೆ. ಶಿವರಾತ್ರಿ ಆದ ಮೇಲೆ ಅಜ್ಜಾರು ಒಳಗಿನ ಕೋಣೆಯಲ್ಲಿ ಮೌನಕ್ಕೆ ಕುಳಿತಿದ್ದರಂತೆ. ಬಾಗಿಲು ಹಾಕಿಕೊಂಡು ಯಾರೊಂದಿಗೂ ಮಾತಿಲ್ಲದೆ ಇದ್ದರಂತೆ. ಹಾಲು ಹಣ್ಣನ್ನು ಚನ್ನಪ್ಪನೇ ಕಿಟಕಿಯಲ್ಲಿ ಇಡುತ್ತಿದ್ದನಂತೆ. ಪಾಡ್ಯದ ಬೆಳಗಿನಲ್ಲಿ ಹೊರಗೆ ಬಂದರಂತೆ. ಜಿನ್ನಿನ ಹಂಗಾಮಿನ ಗಡಿಬಿಡಿಯಲ್ಲಿ ಆ ತಿಂಗಳು ನಾನು ಮಠದ ಕಡೆ ಹಾಯ್ದಿರಲಿಲ್ಲ, ನನಗೆ ಗೊತ್ತೇ ಇರಲಿಲ್ಲ.

ಅಂದರೆ ಅಮಾವಾಸ್ಯೆಯ ಮಧ್ಯಾಹ್ನ ಅವರು ಆ ಕೋಣೆಯೊಳಗೇ ಇದ್ದರು. ಒಳಗೆ ಹೋಗಿ ನಡೆದದ್ದನ್ನು ಅಜ್ಜಾರಿಗೆ ಹೇಳಿದೆ.

"ನಾ ಬಂದಿಲ್ಲೋ ತಮ್ಮಾ. ಈ ಖೋಲಿ ಬಿಟ್ಟು ಹೊರಗ ಕಾಲ ಇಟ್ಟಿಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ಚನ್ನಪ್ಪ ಎರಡೂ ಕೈ ಮುಗಿದು ಕಣ್ಣೀರು ಹಾಕತೊಡಗಿದ. ಅಜ್ಜಾರಿಗೆ ಸಿಟ್ಟು ಬಂತು. "ಚನ್ನಪ್ಪಾ, ಹೊರಗ ಹೋಗಿ ಇದನ್ನ ಸಾರಿದಿ ಅಂದ್ರ ನಾ ಮತ್ತ ಮೌನಕ್ಕ ಕೂಡತೇನಿ. ನಿನ್ನೊಬ್ಬನ ಜೋಡಿ ಅಷ್ಟ ಮಾತಾಡಾಂಗಿಲ್ಲ" ಎಂದರು. ಅವನು ಹೊರಗೆ ಹೋದ ಮೇಲೆ ಬಿಸಿಲು ತಲೆಗೇರಿತ್ತೇ, ಊಟ ಮಾಡಿದ್ದೆಯಾ, ಬೇರೆ ಯಾವ ಮಠದವರಾದರೂ ಇದ್ದರೇನು ಎಂದು ವಕೀಲರ ಹಾಗೆ ಒಂದೊಂದೇ ಕೇಳಿದರು. ಗಡ್ಡದ ಹುಡುಗ ಎಂದು ಕರೆದರಲ್ಲರಿ ಎಂದೆ. ಅವರು ಅದನ್ನು ಬಿಟ್ಟು, ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದರು.

"ನನ್ನ ಕೇಳಿದ್ರ ನಾ ಬ್ಯಾರೇನ ಹೇಳತಿದ್ದೆ. ಪಾಲು ಇಡಬ್ಯಾಡವಾ, ಅವನ ದಾರಿ ಕಾದದ್ದು ಸಾಕು, ಉಡಿಕಿ ಮಾಡಿಕೊಂಡು ಬಾಳೇವು ಮಾಡು ಅಂತಿದ್ದೆ."

ಉಡಿಕಿ ಎಂದರೆ ನಮ್ಮ ಕಡೆ ಹೆಣ್ಣಿನ ಎರಡನೆಯ ಮದುವೆ. ಈಗ ಏನು ಮಾಡಲಿ ಎಂದೆ. ಇದ್ದದ್ದನ್ನು ಹೋಗಿ ಹೇಳು ಎಂದರು.

ದಾರಿಯಲ್ಲಿ ಮಾಬುಸಾಬನ ಅಂಗಡಿಗೆ ಹೋದೆ. ಅಮಾವಾಸ್ಯೆ ದಿನ ಬೇವಿನ ಗಿಡದ ಕೆಳಗೆ ನನ್ನನ್ನು ನೋಡಿದೆಯಲ್ಲ, ನನ್ನ ಜೊತೆ ಯಾರಿದ್ದರು ಎಂದು ಕೇಳಿದೆ. ಅವನು ಟ್ಯೂಬು ನೀರಿನಲ್ಲಿ ಅದ್ದುತ್ತಾ, ಯಾರೋ ಒಬ್ಬರು ಬೆನ್ನು ಮಾಡಿ ನಿಂತಿದ್ದರು ಎಂದ. ನನಗೆ ಧೈರ್ಯ ಬಂತು. ಅಜ್ಜಾರಲ್ಲವೇ ಎಂದೆ.

"ಅಜ್ಜಾರ ಯಾವಾಗಿಂದ ಬಿಳೇ ಅರಿವಿ ಉಡಾಕ ಹತ್ಯಾರೋ? ಬಿಳೇ ಧೋತರ, ಬಿಳೇ ಅಂಗಿ. ಯಾವನೋ ರೈತ ಅಂತ ನಾ ತಿಳಕೊಂಡೆ" ಎಂದ.

ನಾನು ನೋಡಿದ್ದು ಕಾವಿ. ಇವತ್ತು ಕೇಳಿದರೂ ಕಾವಿ ಎಂದೇ ಹೇಳುತ್ತೇನೆ.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಾರ ಮಾತೆಂದು ಅಕ್ಕನ ಬಳೆ ಉಳಿದಿದ್ದವು. ಅದು ಅಜ್ಜಾರ ಮಾತಲ್ಲ ಎಂದು ನಾನೇ ಹೋಗಿ ಹೇಳಿದರೆ ರುದ್ರಪ್ಪ ಅಂದೇ ಬಳೆ ತೆಗೆಸುವನು. ಹೇಳದಿದ್ದರೆ ನನಗೆ ಅಕ್ಷರ ಕೊಟ್ಟವರ ಹೆಸರಿನಲ್ಲಿ ಸುಳ್ಳು ನಡೆದ ಹಾಗೆ. ಜಿನ್ನಿನಲ್ಲಿ ಅರಳೆಯ ಗಂಟು ಹೊತ್ತವನು ಎಲ್ಲಿ ಇಳಿಸಬೇಕೆಂದು ಮರೆತು ನಿಂತುಬಿಡುತ್ತಿದ್ದೆ. ಮುಂದಿನ ರಜೆಗೆ ಯರಗಟ್ಟಿ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಎಲ್ಲರ ಎದುರು, ಅಜ್ಜಾರು ಬಂದಿರಲಿಲ್ಲ, ಮೌನದಲ್ಲಿದ್ದರು ಎಂದು ಹೇಳಿದೆ. ರುದ್ರಪ್ಪ ಕುಳಿತಲ್ಲಿಂದ ಎದ್ದ. ಮುಗಿಯಿತು ಎಂದುಕೊಂಡೆ. ಅವನು ಮಠದ ದಿಕ್ಕಿಗೆ ತಿರುಗಿ ನೆಲಕ್ಕೆ ಹಣೆ ಹಚ್ಚಿದ.

"ಬಾಯಿ ಕಟ್ಟಿ ಕುಂತವರು ಅಷ್ಟು ದೂರ ಬಂದು ಹೇಳ್ಯಾರ ಅಂದ್ರ ಅದು ಸಾದಾ ಮಾತಲ್ಲ ತಮ್ಮಾ. ಇನ್ನ ಗೌರವ್ವನ ತಂಟೇಕ ಯಾರೂ ಹೋಗಬ್ಯಾಡ್ರಿ."

ಅಲ್ಲಪ್ಪ, ಅಜ್ಜಾರೇ ಬಂದಿಲ್ಲ ಎನ್ನುತ್ತಾರೆ ಎಂದರೆ, ದೊಡ್ಡವರು ತಾವು ಮಾಡಿದ್ದನ್ನು ಹೌದೆನ್ನುತ್ತಾರೆಯೇ ಎಂದು ನನಗೇ ಬುದ್ಧಿ ಹೇಳಿದ. ಸತ್ಯ ಹೇಳಿ ಸೋತವನು ನಾನೊಬ್ಬನೇ ಇರಬೇಕು.

ಉಡಿಕಿಯ ಮಾತನ್ನು ಅಕ್ಕನಿಗೆ ಅಡುಗೆ ಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಖರೆ ಅಜ್ಜಾರು ಹಾಗಂದರೇ ಎಂದು ಕೇಳಿದಳು. ಹೌದೆಂದೆ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ನಕ್ಕಳು.

"ಒಬ್ಬ ಅಜ್ಜಾರನ್ನ ಕೇಳಿಕೊಂಡು ಬಾ ಅಂದ್ರ ನೀ ಇಬ್ಬರನ್ನ ತಂದಿ ನೋಡು."

ಅವಳು ಯಾರ ಮಾತು ಹಿಡಿದಳೆಂದು ಆ ವರ್ಷವೆಲ್ಲ ನನಗೆ ತಿಳಿಯಲಿಲ್ಲ. ಮುಂದಿನ ಯುಗಾದಿಗೆ ಗೂಡಿನಲ್ಲಿ ಮತ್ತೆ ಪಾಲು ಇಟ್ಟಳು. ಸಂಜೆ ಎಲ್ಲರೂ ಅಂಗಳದಲ್ಲಿ ನಿಂತು ಚಂದ್ರನನ್ನು ನೋಡಿದೆವು. ಅಕ್ಕ ಬಟ್ಟಲು ತೆಗೆದುಕೊಂಡು ಗಿಡದ ಕಡೆ ಹೊರಟವಳು ನಡುವೆ ನಿಂತಳು. ಬಟ್ಟಲನ್ನು ಎತ್ತಿ ಒಂದೇ ಉಸಿರಿಗೆ ತಾನೇ ಕುಡಿದಳು. ಕಹಿಗೆ ಮುಖ ಹಿಂಡಿಕೊಂಡು, ಬಾಯಿ ಒರೆಸಿಕೊಂಡು ಒಳಗೆ ಹೋದಳು. ರುದ್ರಪ್ಪ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಆಕೆಯ ಕೈ ಹಿಡಿಯಬೇಡಿ ಎಂದು ಹೇಳಿಯಾಗಿತ್ತಲ್ಲ.

ಆಮೇಲೆ ಅವಳು ಪಾಲು ಇಡಲಿಲ್ಲ. ಬಳೆಯನ್ನೂ ತೆಗೆಯಲಿಲ್ಲ. ಉಡಿಕಿಯನ್ನೂ ಆಗಲಿಲ್ಲ. ಬೈಲಹೊಂಗಲಕ್ಕೆ ಬಂದು ನಮ್ಮ ಮನೆಯ ಮಗ್ಗುಲಲ್ಲೇ ಇದ್ದು ದುಡಿದು ಬದುಕಿದಳು. ಶಿವಪ್ಪ ಬರಲಿಲ್ಲ. ಬದುಕಿದ್ದಾನೆಂದಾಗಲಿ ಸತ್ತನೆಂದಾಗಲಿ ಸುದ್ದಿಯೂ ಬರಲಿಲ್ಲ. ಅಜ್ಜಾರು ಲಿಂಗೈಕ್ಯರಾದರು. ಕೊನೆಯವರೆಗೂ ಅವರು ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ನನ್ನನ್ನು ಗಡ್ಡದ ಹುಡುಗ ಎಂದು ಒಮ್ಮೆಯೂ ಕರೆಯಲಿಲ್ಲ, ಹೆಸರು ಹಿಡಿದೇ ಕರೆದರು. ಏಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಿಸಿಲಿನ ಭ್ರಮೆ ಎಂದರೆ ಮಾಬುಸಾಬ ನೋಡಿದ್ದು ಯಾರನ್ನು? ದಾರಿಹೋಕ ರೈತ ಎಂದರೆ ಗಡ್ಡದ ಹುಡುಗ ಎಂಬ ಹೆಸರು ಅವನಿಗೆ ಹೇಗೆ ಗೊತ್ತು? ಅಜ್ಜಾರೇ ಎಂದರೆ ತಮ್ಮ ಮನಸ್ಸಿಗೆ ವಿರುದ್ಧವಾದ ಮಾತನ್ನು ಹೇಳಲು ಅಷ್ಟು ದೂರ ಏಕೆ ಬಂದರು? ಆ ಮಾತು ಅಕ್ಕನ ಬಾಳನ್ನು ಉಳಿಸಿತೋ ಕೆಡಿಸಿತೋ, ಅದೂ ನನಗೆ ತಿಳಿದಿಲ್ಲ. ಅವಳ ಕೊನೆಗಾಲದಲ್ಲಿ ಒಂದು ದಿನ ಅವಳನ್ನೇ ಕೇಳಿದೆ, ನಿನಗೆ ಏನನಿಸುತ್ತದೆ, ಯಾರಿರಬೇಕು ಎಂದು.

"ಯಾರರ ಆಗಲೇಳು" ಎಂದಳು. "ಆಕೀನ ಕೇಳ್ರಿ ಅಂದವರು ಅವರೊಬ್ಬರ."

ಅಕ್ಕನಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಿಲ್ಲ. ರಸ್ತೆ ಅಗಲ ಮಾಡುವಾಗ ಆ ಗಿಡ ಹೋಯಿತು. ಆದರೂ ಕಿತ್ತೂರಿನ ಬಸ್ಸು ಹತ್ತಿದರೆ ನಾನು ಆ ಗಿಡವಿದ್ದ ಮಗ್ಗುಲಿನ ಕಿಟಕಿಗೆ ಕೂಡುವುದಿಲ್ಲ.