ನನಗೇನೂ ಆಗಿರಲಿಲ್ಲ

ನನ್ನ ರಕ್ತದಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ತಮ್ಮನಿಗೆ ಹೇಳಲಿಲ್ಲ. ತನ್ನಿಂದ ಅಣ್ಣನಿಗೂ ಆ ಕಾಯಿಲೆ ಅಂಟಿತೆಂದು ನಂಬಿಕೊಂಡೇ ಅವನು ಹೋದ. ಎದೆನೋವಿನಿಂದ ಸತ್ತ ಎನ್ನುತ್ತಾರೆ — ಹೌದು, ಎದೆನೋವೇ. ಆದರೆ ಆ ಎದೆಯೊಳಗೆ ನಾನು ಇಟ್ಟದ್ದೂ ಒಂದಿತ್ತು.

ನಾವು ಶಿರಾ ಹತ್ತಿರದ ತಾವರೆಕೆರೆ ಕಡೆಯವರು. ತಮ್ಮ ಜುಂಜಣ್ಣ ಮತ್ತು ನಾನು ಜೋಡಿಯಾಗಿ ಕುರಿಗಳ ತುಪ್ಪಟ ಕತ್ತರಿಸುತ್ತಿದ್ದೆವು. ಅವನು ಕಾಲು ಹಿಡಿದರೆ ನಾನು ಕತ್ತರಿ ಆಡಿಸುವುದು. ಆ ದಿನ ಕುರಿ ಕೂಡುವ ರೊಪ್ಪದಲ್ಲಿ ನಾವಿಬ್ಬರೇ ಇದ್ದೆವು. ಟಗರು ಒದೆಯಿತು, ಕತ್ತರಿ ಜಾರಿ ಅವನ ಅಂಗೈ ಸೀಳಿತು. ಗಾಯವಾದರೆ ತುಪ್ಪಟ ಸುಟ್ಟು ಅದರ ಬೂದಿ ಒತ್ತುವುದು ನಮ್ಮಲ್ಲಿ ರೂಢಿ. ಬೂದಿ ತಂದೆ. ಅವನು ಕೈ ಹಿಂದಕ್ಕೆಳೆದುಕೊಂಡ.

“ಬುಡು ಅಣ್ಣ, ನಾನೇ ಒತ್ಕಂತೀನಿ. ನೀನು ಮುಟ್ಬ್ಯಾಡ.”

“ಏನ್ಲಾ, ಹೊಸ ಮದ್ಲಗಿತ್ತಿ ಹಂಗೆ ಕೈ ಬಚ್ಚಿಡ್ತೀಯ” ಎಂದು ನಗುತ್ತಾ, ಅವನ ಕೈ ಕಸಿದುಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಬೆಳಿಗ್ಗೆ ಕತ್ತರಿ ಮಸೆಯುವಾಗ ಅದೇ ಬೆರಳು ಕೊಯ್ದುಕೊಂಡಿತ್ತು. ಅವನು ಅದನ್ನು ನೋಡಿದ. ಮುಖ ಬಿಳಿಚಿಕೊಂಡಿತು.

“ಅಣ್ಣ, ನಂಗೆ ಎಚ್‌ಐವಿ ಐತೆ. ಮಾತ್ರೆ ತಗಂತಿದೀನಿ. ಬೇಗ ಕೈ ತೊಳ್ಕ, ಈಗ್ಲೇ ಆಸ್ಪತ್ರೆಗೆ ಹೋಗಾನ ಬಾ.”

ತನ್ನ ಹೆಂಡತಿ ಗಿರಿಜಾಳನ್ನು ಬಿಟ್ಟು ಯಾರಿಗೂ ಹೇಳದ್ದನ್ನು ನನ್ನ ಒಂದು ಬೆರಳಿಗಾಗಿ ಬಾಯಿಬಿಟ್ಟಿದ್ದ. ಆಗ ನನಗೆ ಅದು ಕಾಣಲಿಲ್ಲ. ನನ್ನಿಂದ ಮುಚ್ಚಿಟ್ಟನಲ್ಲ ಎಂಬುದಷ್ಟೇ ಕಂಡಿತು.

ತಮ್ಮ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಅಪಾಯ ಬಹಳ ಕಡಿಮೆ ಎಂದರು ಶಿರಾದ ಡಾಕ್ಟರು. ಆದರೂ ನನಗೆ ಒಂದು ತಿಂಗಳ ಮಾತ್ರೆ ಕೊಟ್ಟು, ಆಮೇಲೆ ಪರೀಕ್ಷೆಗಳಿಗೆ ಬರಹೇಳಿದರು. ಆ ದಿನಗಳು — ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುವುದು, ಕುತ್ತಿಗೆ ತಡವಿಕೊಳ್ಳುವುದು, ಬೆವತರೆ ಜ್ವರವೆಂದು ಎದ್ದು ಕೂರುವುದು. ಹಾಗೆಲ್ಲ ಅಂಟುವುದಿಲ್ಲವೆಂದು ಹೇಳಿದ್ದರೂ ತಟ್ಟೆ ಬೇರೆ ಮಾಡಿಕೊಂಡೆ, ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ.

ಕೊನೆಯ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಜುಂಜಣ್ಣ ಗೇಟಿನ ಹತ್ತಿರ ಕಾಯುತ್ತಿದ್ದ.

“ಏನಂದ್ರಣ್ಣ?”

ಮಾತು ನಾಲಿಗೆಯ ಮೇಲೇ ಇತ್ತು. ನಾನು ಪಟ್ಟದ್ದನ್ನು ಇವನೂ ಸ್ವಲ್ಪ ಪಡಲಿ ಅನ್ನಿಸಿತು.

“ಏನಂತಾರೆ… ನಡಿ.”

ಅವನು ಮತ್ತೆ ಕೇಳಲಿಲ್ಲ. ಬೈಕಿನ ಹಿಂದೆ ಕೂತು ಅಳುತ್ತಿದ್ದ. ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಆದರೂ ಬೈಕ್ ನಿಲ್ಲಿಸಲಿಲ್ಲ.

ನಾಲ್ಕು ದಿನ ಕಳೆದು ಹೇಳೋಣವೆಂದುಕೊಂಡೆ. ಆಮೇಲೆ — ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ? ಹೀಗೆಯೇ ವರ್ಷಗಳಾದವು. ಅವನು ಕತ್ತರಿ ಕೆಲಸ ಬಿಟ್ಟು ವಳ್ಳೂರಿನ ಕಡೆ ಸೋಲಾರ್ ಫಲಕ ತೊಳೆಯಲು ಹೋದ. ಊರಿಗೆ ಬಂದಾಗಲೆಲ್ಲ “ಮೈ ಹೆಂಗೈತಣ್ಣ? ಮಾತ್ರೆ ತಪ್ಪಿಸ್ಬ್ಯಾಡ” ಎನ್ನುತ್ತಿದ್ದ. “ಐತೆ, ಹಿಂಗೆ” ಎನ್ನುತ್ತಿದ್ದೆ. ಒಮ್ಮೆ ನನಗೆ ಚಿಕುನ್‌ಗುನ್ಯಾ ಬಂದಾಗ ಓಡಿಬಂದು, ದಿನವಿಡೀ ಮಂಡಿ ಒತ್ತುತ್ತಾ ಕೂತ. ಅದೇ ಶುರುವಾಯಿತೆಂದು ಹೆದರಿದ್ದಾನೆ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಆಗಲೂ —

ಜುಂಜಣ್ಣನ ತಿಥಿಯ ದಿನ ಗಿರಿಜಾ ಒಬ್ಬಳೇ ಬಂದು ಕೈಮುಗಿದಳು.

“ಬಾವ, ಅವ್ರಿಂದ ನಿಮ್ಗೆ ಹಿಂಗಾಯ್ತು. ಮನಸ್ನಾಗೆ ಇಟ್ಕಬ್ಯಾಡಿ.”

“ಇರ್ಲಿ ಬುಡಮ್ಮ” ಎಂದೆ.

ಮಾಡದ ತಪ್ಪಿಗೆ, ಸತ್ತವನನ್ನು ಕ್ಷಮಿಸಿಬಿಟ್ಟೆ. ಮಾಡಿದ್ದೆಲ್ಲದರಲ್ಲಿ ಇದೇ ನನ್ನನ್ನು ಕೂರಲು ಬಿಡುತ್ತಿಲ್ಲ.

ನಿನ್ನೆ ಅವಳ ಮನೆಗೆ ಹೋದೆ. ರಾಗಿ ಕೇರುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊರ ನಿಂತಿತು.

“ಅವಾಗ್ಲೇ ಗೊತ್ತಿತ್ತಾ ಬಾವ?”

“ಗೊತ್ತಿತ್ತು ಕಣಮ್ಮ.”

“ಮಲಗಾಕೆ ಮುಂಚೆ ದಿನಾ ಕೈಮುಗೀತಿದ್ರು. ಅಣ್ಣಂಗೇನೂ ಆಗ್ದಿರ್ಲಿ ಅಂತ. ತಮ್ಗೆ ಅಂತ ಒಂದಿನ ಬೇಡ್ಕಂಡಿಲ್ಲ.”

ಕೂತುಕೊಳ್ಳಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ನಾನು ಅಂಗಳದಲ್ಲಿ ನಿಂತೇ ಇದ್ದೆ. ತಮ್ಮ ದಿನವೂ ಬೇಡಿಕೊಂಡದ್ದು ಆಗಲೇ ಈಡೇರಿತ್ತು. ಅದನ್ನು ಅವನಿಗೆ ತಿಳಿಸಬಲ್ಲವನು ಇಡೀ ಊರಿನಲ್ಲಿ ನಾನೊಬ್ಬನೇ ಇದ್ದೆ.