ಸೋಲಿನ ಮರುದಿನದ ಹುಲ್ಲಣ್ಣ

ಬೆಳಗಿನ ಐದೂಮುಕ್ಕಾಲು. ಸೂರ್ಯ ಇನ್ನೂ ಗ್ಯಾಲರಿಯ ತಗಡಿನ ಹಿಂದೆಯೇ ಇದ್ದಾನೆ. ಗೋಲ್ ಕಂಬಗಳ ಮುಂದೆ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಬೂಟಿನ ಏಟಿಗೆ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಹುಡುಕುತ್ತಾರೆ, ಗುಂಡಿಯ ತಳವನ್ನು ನಾಲ್ಕು ಹಲ್ಲಿನ ಕಬ್ಬಿಣದಿಂದ ಸಡಿಲಿಸುತ್ತಾರೆ, ಒಂದು ಹಿಡಿ ಮಣ್ಣು ಹಾಕಿ ಹೆಂಟೆಯನ್ನು ಮೊದಲಿದ್ದ ದಿಕ್ಕಿಗೇ ಕೂರಿಸಿ ಅಂಗೈಯಿಂದ ಒತ್ತುತ್ತಾರೆ. ಆಮೇಲೆ ಮೊಣಕಾಲಲ್ಲೇ ಒಂದು ಮೊಳ ಮುಂದೆ ಸರಿಯುತ್ತಾರೆ.

ನಿನ್ನೆ ಸಂಜೆ ಇದೇ ಗೋಲಿನೊಳಗೆ ಚೆಂಡು ಮೂರು ಸಲ ಹೊಕ್ಕಿದೆ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಇದು ಸತತ ಏಳನೇ ಸೋಲು. "ಗೆದ್ದ ದಿನಕ್ಕಿಂತ ಸೋತ ದಿನ ಗುಂಡಿ ಜಾಸ್ತಿ" ಎನ್ನುತ್ತಾರೆ ಅವರು, ತಲೆ ಎತ್ತದೆ. "ಹುಡುಗರು ಕೋಪ ಎಲ್ಲಾ ನೆಲದ ಮೇಲೆ ತೀರಿಸ್ಕೋತಾರೆ. ಪಾಪ, ಇನ್ಯಾರ ಮೇಲೆ ತೀರಿಸ್ಕೊಳೋದು."

ಕ್ಲಬ್ಬಿನ ರಿಜಿಸ್ಟರಿನಲ್ಲಿ ಇವರಿಗೆ ಬೇರೆ ಹೆಸರಿದೆ. ಆದರೆ ಗೇಟಿನ ಕಾವಲುಗಾರನಿಂದ ಗೋಲ್‌ಕೀಪರ್‌ವರೆಗೆ ಎಲ್ಲರಿಗೂ ಹುಲ್ಲಣ್ಣ. ವಯಸ್ಸು ಐವತ್ತೆರಡು. ಬೇಲಿಗೆ ಬಣ್ಣ ಬಳಿಯಲು ಹದಿನೈದು ದಿನದ ಮಟ್ಟಿಗೆಂದು ಬಂದವರು, ಇಪ್ಪತ್ತಾರು ವರ್ಷದಿಂದ ಇಲ್ಲೇ ಇದ್ದಾರೆ. ಮೈದಾನದ ಉದ್ದ ನೂರೈದು ಮೀಟರ್, ಅಗಲ ಅರವತ್ತೆಂಟು. ಒಂದು ಸಲ ಹುಲ್ಲು ಕತ್ತರಿಸಿ ಮುಗಿಸಲು ಯಂತ್ರದ ಹಿಂದೆ ಹನ್ನೆರಡು ಕಿಲೋಮೀಟರ್ ನಡೆಯಬೇಕು. ವಾರಕ್ಕೆ ಮೂರು ಸಲ. ಪಂದ್ಯದ ಮರುದಿನ ಮುಚ್ಚುವ ಗುಂಡಿಗಳು ಇನ್ನೂರಕ್ಕೆ ಕಡಿಮೆಯಿಲ್ಲ. ಎರಡೂ ಮೊಣಕಾಲಿನ ಚರ್ಮ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿದೆ. ಹೆಂಡತಿ ಮನೆಯ ಹಾಸಿಗೆಯ ಮೇಲೆ ಮಂಡಿಯೂರಲು ಬಿಡುವುದಿಲ್ಲವಂತೆ, ಚಾದರ ಹರಿಯುತ್ತದೆಂದು.

ಕಳೆದ ಬೇಸಿಗೆಯಲ್ಲಿ ಕ್ಲಬ್ಬಿನ ಅಧ್ಯಕ್ಷರು ಮೈದಾನವನ್ನು ಕಾರುಗಳ ಪ್ರದರ್ಶನಕ್ಕೆ ಬಿಟ್ಟುಕೊಟ್ಟರು. ಹುಲ್ಲಿನ ಮೇಲೆ ಆರು ದಿನ ಕಾರುಗಳು ನಿಂತವು. ನಡುಭಾಗವೂ ಎರಡು ಗೋಲಿನ ಮುಂಭಾಗವೂ ಬೋಳಾದವು. ಹುಲ್ಲಣ್ಣ ಅಂಚಿನಿಂದ ಹುಲ್ಲಿನ ಕುಡಿ ಕಿತ್ತು, ಬೆರಳಿನಿಂದ ತೂತು ಮಾಡಿ, ಒಂದೊಂದಾಗಿ ನೆಟ್ಟರು. ನಾಲ್ಕು ತಿಂಗಳು ಹಿಡಿಯಿತು. ಆ ಕುಡಿಗಳು ಈಗಷ್ಟೇ ಬೇರು ಬಿಡುತ್ತಿವೆ.

ನಾಲ್ಕು ವರ್ಷದಲ್ಲಿ ಕ್ಲಬ್ಬಿಗೆ ಇದು ಐದನೇ ಕೋಚ್. ಹಿಂದಿನವರನ್ನು ಅಧ್ಯಕ್ಷರು ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸಿದರು. ಈಗಿನವರನ್ನು ಮಾತ್ರ ಏಳು ಸೋಲಾದರೂ ಬದಲಾಯಿಸುತ್ತಿಲ್ಲ, ಏಕೆಂದರೆ ಇವರನ್ನು ಹುಡುಕಿ ತಂದವರು ಖುದ್ದು ಅಧ್ಯಕ್ಷರೇ. ಕೋಚ್ ಪ್ರತಿ ಸೋಲಿಗೂ ಪತ್ರಿಕೆಯವರ ಮುಂದೆ ಹೇಳುವ ಕಾರಣ ಒಂದೇ: ಮೈದಾನ ಸರಿಯಿಲ್ಲ. ಒಮ್ಮೆ, ಎದುರಾಳಿಗಳ ಓಟ ತಗ್ಗಿಸಲೆಂದು ಪಂದ್ಯಕ್ಕೆ ಮುಂಚೆ ಹೆಚ್ಚು ನೀರು ಬಿಡಿಸಿದವರೂ ಅವರೇ.

"ಬಿಡು ಅಂದ್ರು, ಬಿಟ್ಟೆ. ಜಾರಿದ್ದು ನಮ್ಮವರೇ" ಎನ್ನುತ್ತಾರೆ ಹುಲ್ಲಣ್ಣ.

ಅವತ್ತು ಗ್ಯಾಲರಿಯಿಂದ ಹಾರಿಬಂದ ಬಾಟಲಿ ಹುಲ್ಲಣ್ಣನ ಹೆಗಲಿಗೆ ಬಿತ್ತು. ಎಸೆದವನ ಎರಡು ಸಾಲು ಹಿಂದೆ ಇವರ ಅಕ್ಕ ಕೂತಿದ್ದರು.

ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮೂವತ್ತೊಂದು ವರ್ಷದಿಂದ ಪೂರ್ವದ ಗ್ಯಾಲರಿಯಲ್ಲಿ ಅದೇ ಕುರ್ಚಿ. ಆ ಬಾಟಲಿಯವನ ಕಿವಿ ಹಿಂಡಿ, "ಆಡಿಸೋಕೆ ಬರದವನು ಅಲ್ಲಿ ಕೋಟು ಹಾಕ್ಕೊಂಡು ನಿಂತಿದ್ದಾನೆ, ನೀನು ಹುಲ್ಲು ಕತ್ತರಿಸೋನಿಗೆ ಹೊಡೀತೀಯಲ್ಲೋ ಪೆದ್ದ" ಎಂದಿದ್ದರಂತೆ. ಅಭಿಮಾನಿಗಳ ಸಭೆಗೆ ಈಗ ಅವರೇ ಮುಖಂಡರು. ಏಳನೇ ಸೋಲಿನ ಮಾರನೆಯ ಸಂಜೆ ಟೈಲರ್ ಅಂಗಡಿಯಲ್ಲಿ ಸೇರಿದ ಸಭೆ ಒಂದು ತೀರ್ಮಾನಕ್ಕೆ ಬರುತ್ತದೆ. ಕೋಚ್ ಬದಲಿಸಿ ಎಂದು ಅಧ್ಯಕ್ಷರಿಗೆ ಬರೆದ ಮೂರು ಪತ್ರಕ್ಕೂ ಉತ್ತರ ಬಂದಿಲ್ಲ. ಆದ್ದರಿಂದ ಮುಂದಿನ ಪಂದ್ಯದ ವಿರಾಮದಲ್ಲಿ ಎಲ್ಲರೂ ಮೈದಾನಕ್ಕಿಳಿದು ನಟ್ಟನಡುವೆ ಕೂರುವುದು.

ಸುದ್ದಿ ಗೊತ್ತಾದ ಕೂಡಲೇ ಹುಲ್ಲಣ್ಣ ಅಕ್ಕನ ಮನೆಗೆ ಹೋಗುತ್ತಾರೆ. ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡು 'ಕೋಚ್ ತೊಲಗಲಿ' ಎಂದು ಬರೆಯುತ್ತಿದ್ದಾರೆ.

"ಎಷ್ಟು ಜನ ಇಳೀತೀರಕ್ಕ?"

"ಇನ್ನೂರಕ್ಕೆ ಮೋಸ ಇಲ್ಲ."

"ಬೂಟು, ಚಪ್ಪಲಿ ಎಲ್ಲಾ ಹಾಕ್ಕೊಂಡೇನಾ?"

"ಇಲ್ಲ, ಪಲ್ಲಕ್ಕಿಯಲ್ಲಿ ಬರ್ತೀವಿ. ಇದೆಂಥಾ ಪ್ರಶ್ನೆನೋ."

"ಮಧ್ಯದಲ್ಲಿ ನೆಟ್ಟಿರೋದಿನ್ನೂ ಹಸುಗೂಸು. ಹುಡುಗರ ಏಟಿಗೇ ದಿನಾ ತೇಪೆ ಹಾಕ್ತಿದೀನಿ, ಇನ್ನೂರು ಜನ ತುಳಿದ್ರೆ ಒಂದೂ ಉಳಿಯಲ್ಲ."

"ನಿನಗೆ ನಿನ್ನ ಹುಲ್ಲಿನ ಚಿಂತೆ. ಇಲ್ಲಿ ಕ್ಲಬ್ಬೇ ಮುಳುಗ್ತಾ ಇದೆ."

"ಅದಕ್ಕೇ ಹೇಳ್ತಿರೋದು. ಹುಲ್ಲು ಸತ್ರೆ ಕೋಚ್‌ಗೆ ನೀವೇ ನೆಪ ಕೊಟ್ಟ ಹಾಗೆ. 'ನೋಡಿ, ಅಭಿಮಾನಿಗಳೇ ಮೈದಾನ ಹಾಳು ಮಾಡಿದ್ರು' ಅಂತ ವರ್ಷ ಪೂರ್ತಿ ಹೇಳ್ಕೊಂಡು ತಿರುಗ್ತಾರೆ. ಆಮೇಲೆ ನಿನ್ನ ಬ್ಯಾನರಿಗೆ ಯಾರು ಬೆಲೆ ಕೊಡ್ತಾರೆ?"

ಅಕ್ಕ ಕುಂಚ ಕೆಳಗಿಡುತ್ತಾರೆ. "ಹಾಗಾದ್ರೆ ಏನು ಮನೇಲಿ ಕೂರ್ಬೇಕಾ?"

ಇಪ್ಪತ್ತಾರು ವರ್ಷದಲ್ಲಿ ಹುಲ್ಲಣ್ಣ ಆಟದ ಬಗ್ಗೆ ಬಾಯಿ ಬಿಟ್ಟವರಲ್ಲ. ಅವತ್ತು ಬಿಡುತ್ತಾರೆ. ತಂಡ ವಾರದಲ್ಲಿ ಐದು ದಿನ ಇದೇ ಮೈದಾನದಲ್ಲಿ ಅಭ್ಯಾಸ ಮಾಡುತ್ತದೆ. ಈ ಕೋಚ್ ಬಂದ ಮೇಲೆ ಅಭ್ಯಾಸವೆಲ್ಲ ನಡುವಿನಲ್ಲೇ. ಎಲ್ಲರೂ ಅಲ್ಲೇ ಗುಂಪುಗಟ್ಟಿ, ಅಲ್ಲೇ ಒದ್ದು, ಅಲ್ಲೇ ಚೆಂಡು ಕಳೆದುಕೊಳ್ಳುತ್ತಾರೆ. ಎರಡೂ ಅಂಚಿನಲ್ಲಿ ಓಡುತ್ತಿದ್ದ ಚುರುಕಿನ ಹುಡುಗರು ಬೆಂಚಿನ ಮೇಲೆ ಕೂತಿದ್ದಾರೆ. ಇದನ್ನು ಕಂಡುಹಿಡಿಯಲು ಹುಲ್ಲಣ್ಣನಿಗೆ ಪಂದ್ಯ ನೋಡಬೇಕಿಲ್ಲ. ಹಿಂದೆ ಅಂಚಿನಲ್ಲಿ ದಿನಕ್ಕೆ ನಲವತ್ತು ಗುಂಡಿ ಸಿಗುತ್ತಿತ್ತು, ಈಗ ನಾಲ್ಕೂ ಸಿಗುವುದಿಲ್ಲ.

"ಅಂಚಿನ ಹುಲ್ಲು ಕಂಬಳಿ ಹಾಗಿದೆ ಅಕ್ಕ. ಎಷ್ಟು ಜನ ಕೂತ್ರೂ ಜಗ್ಗಲ್ಲ. ಅಲ್ಲಿ ಕೂತ್ಕೊಳಿ. ನಮ್ಮವರು ಕಾಲಿಡದೇ ಇರೋ ಜಾಗ ಅದೊಂದೇ."

ಅಕ್ಕ ಬರೆದಿದ್ದ ಬಟ್ಟೆಯನ್ನು ಮಗುಚಿ ಹಾಕಿ ಕೇಳುತ್ತಾರೆ, "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆಯೋ?"

ಪಂದ್ಯದ ದಿನ ಹುಲ್ಲಣ್ಣ ಸಲಕರಣೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಅಕ್ಕ ಒಪ್ಪಿರಬಹುದು, ಆದರೆ ಸಿಟ್ಟು ನೆತ್ತಿಗೇರಿದ ಇನ್ನೂರು ಜನ ಒಬ್ಬ ನಿವೃತ್ತ ನರ್ಸಿನ ಮಾತು ಕೇಳುತ್ತಾರೆಂಬ ಖಾತ್ರಿಯಿಲ್ಲ. ವಿರಾಮದ ಸೀಟಿ ಕೇಳಿಸುತ್ತದೆ. ತಂಡ ಆಗಲೇ ಒಂದು ಗೋಲು ಹಿಂದಿದೆ. ಪೂರ್ವದ ಗ್ಯಾಲರಿ ಎದ್ದು ನಿಲ್ಲುತ್ತದೆ. ಬೇಲಿಯ ಹತ್ತಿರ ಬಂದವರು ಬಗ್ಗುತ್ತಾರೆ. ಬೂಟು, ಚಪ್ಪಲಿ ಬಿಚ್ಚಿ ಸಾಲಾಗಿ ಬಿಡುತ್ತಾರೆ. ಬರಿಗಾಲಲ್ಲಿ ಬಂದು, ಬಿಳಿಗೆರೆಯ ಒಳಗಡೆ, ಈ ಮೂಲೆಯಿಂದ ಆ ಮೂಲೆಯವರೆಗೆ ಎರಡು ಸಾಲಿನಲ್ಲಿ ಕೂರುತ್ತಾರೆ. ಘೋಷಣೆಯಿಲ್ಲ. ಬಿಚ್ಚಿದ ಉದ್ದನೆಯ ಬಟ್ಟೆಯ ಮೇಲೆ ಅಕ್ಕನ ಅಕ್ಷರ: 'ಈ ಜಾಗ ಖಾಲಿ ಇದೆ.'

ಒಬ್ಬ ತರುಣ ಮಾತ್ರ ಮಧ್ಯಕ್ಕೆ ಓಡಲು ನೋಡಿದ. ಅಕ್ಕ ಅವನ ಅಂಗಿಯ ಹಿಂಭಾಗ ಹಿಡಿದೆಳೆದು ಕೂರಿಸಿದರು.

ಹನ್ನೊಂದು ನಿಮಿಷ. ಆಮೇಲೆ ಎಲ್ಲರೂ ಎದ್ದು, ಬಂದ ದಾರಿಯಲ್ಲೇ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಪಂದ್ಯ ಸೋತದ್ದೇ. ಆದರೆ ಮಾರನೆಯ ದಿನ ಪತ್ರಿಕೆಗಳಲ್ಲಿ ಕೋಚ್‌ನ ಮೈದಾನದ ಮಾತು ಇರಲಿಲ್ಲ. ಅವರು ಬೆಂಚಿನ ಮೇಲೆ ಕೂರಿಸಿದ್ದ ಹುಡುಗರ ಹೆಸರುಗಳಿದ್ದವು.

ಕಚೇರಿಯ ವ್ಯವಸ್ಥಾಪಕರು ಹುಲ್ಲಣ್ಣನನ್ನು ಕರೆಸಿದರು. ಎಲ್ಲಿ ಕೂರಬೇಕೆಂದು ಅಭಿಮಾನಿಗಳಿಗೆ ಹೇಳಿಕೊಟ್ಟದ್ದು ಯಾರು ಎಂದು ಕೇಳಿದರು.

"ನಾನೇ ಸರ್."

"ನಮ್ಮ ವಿರುದ್ಧ ಪ್ರತಿಭಟನೆಗೆ ನೀನು ಜಾಗ ತೋರಿಸ್ತೀಯಾ?"

"ಬೇರೆ ಕಡೆ ಕೂತಿದ್ರೆ ಹುಲ್ಲು ಸಾಯ್ತಿತ್ತು ಸರ್."

ಒಂದು ಎಚ್ಚರಿಕೆ ಪತ್ರ ಬಂತು. ಇನ್ನೊಂದು ಬಂದರೆ ಕೆಲಸ ಹೋಗುತ್ತದೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ತೊಂದರೆಯಾಗುವುದಿಲ್ಲವೇ ಎಂದರೆ, "ಅವರ ಎದುರಿಗೇ ಹೇಳಿದ್ದಲ್ವಾ, ಬರೀರಿ" ಎನ್ನುತ್ತಾರೆ.

ಅಧ್ಯಕ್ಷರು ಬದಲಾಗಿಲ್ಲ. ಕೋಚ್ ಕೂಡ ಇದ್ದಾರೆ. ಬದಲಾದದ್ದು ಇಷ್ಟೇ: ಎರಡು ವಾರದ ನಂತರದ ಪಂದ್ಯದಲ್ಲಿ, ಮುಗಿಯಲು ಇಪ್ಪತ್ತು ನಿಮಿಷವಿದ್ದಾಗ, ಬೆಂಚಿನಿಂದ ಇಬ್ಬರು ಹುಡುಗರು ಎದ್ದರು. ಸೋಲುವ ಪಂದ್ಯ ಸಮವಾಯಿತು.

ಮರುದಿನ ಹುಲ್ಲಣ್ಣ ನಡುಭಾಗ ಮುಗಿಸಿ ಅಂಚಿಗೆ ಬರುತ್ತಾರೆ. ಅಲ್ಲಿ ಹುಲ್ಲು ಹದಿನಾಲ್ಕು ಕಡೆ ಕಿತ್ತುಬಂದಿದೆ. ಒಂದು ಗುಂಡಿಯಂತೂ ಅಂಗೈಯಗಲ, ಪೂರ್ತಿ ವೇಗದಲ್ಲಿ ಓಡುತ್ತಿದ್ದವನು ಥಟ್ಟನೆ ತಿರುಗಿದ ಗುರುತು. ಅದರ ಅಂಚನ್ನು ಅವರು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಅವರ ಬಳಿಯಿದ್ದ ಮಣ್ಣು ಒಂಬತ್ತನೇ ಗುಂಡಿಗೇ ಮುಗಿಯುತ್ತದೆ.

"ಲೆಕ್ಕ ತಪ್ತು" ಎಂದು ಮೊಣಕಾಲು ಒತ್ತಿಕೊಂಡು ಏಳುತ್ತಾರೆ. "ಇನ್ಮೇಲೆ ಈ ಕಡೆಗೂ ಮಣ್ಣು ಕಲಸಿ ಇಟ್ಕೋಬೇಕು. ದಿನಾ ಖಾಲಿ ಆಗ್ಲಿ."